ಕಿಕ್ ಹೊಡೆಯುವ ಮೊದಲು ಫಿಲ್ಟರ್ ಬಿಚ್ಚಿ ನೋಡು

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು 250 ಸಿಸಿಯ ಫೋರ್ ಸ್ಟ್ರೋಕ್ ಮೋಟೋಕ್ರಾಸ್ ಬೈಕನ್ನು, ಅಂದರೆ ಮಣ್ಣಿನ ಟ್ರ್ಯಾಕಿನ ರೇಸಿನ ಬೈಕನ್ನು, ಸೆಕೆಂಡ್ ಹ್ಯಾಂಡ್ ಕೊಂಡ ಸುದ್ದಿ ಓದಿ ಸಂತೋಷವಾಯಿತು. ಆದರೆ ಈ ಭಾನುವಾರವೇ ಓಡಿಸುತ್ತೇನೆ ಎಂದು ಬರೆದಿರುವುದರಿಂದ ತಡಮಾಡದೆ ಉತ್ತರಿಸುತ್ತಿದ್ದೇನೆ. ಏರ್ ಫಿಲ್ಟರ್ ಬಿಚ್ಚಿ ನೋಡುವ ತನಕ ಆ ಬೈಕಿಗೆ ಒಂದು ಕಿಕ್ ಕೂಡ ಹೊಡೆಯಬೇಡ, ಮಗೂ.

ರಸ್ತೆಯ ಬೈಕಿನ ವಯಸ್ಸನ್ನು ಕಿಲೋಮೀಟರಿನಲ್ಲಿ ಎಣಿಸುತ್ತೇವೆ. ಮೋಟೋಕ್ರಾಸ್ ಬೈಕಿನದನ್ನು ಎಂಜಿನ್ ಓಡಿದ ಗಂಟೆಗಳಲ್ಲಿ ಎಣಿಸಬೇಕು, ಮತ್ತು ಆ ಲೆಕ್ಕ ಹಿಂದಿನ ಮಾಲೀಕನ ಬಾಯಿಮಾತಿನಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದಿರುವುದೇ ಹೆಚ್ಚು. ಹೊಸ ಪ್ಲಾಸ್ಟಿಕ್, ಹೊಸ ಸ್ಟಿಕ್ಕರ್ ನೋಡಿ ಸಮಾಧಾನಪಡಬೇಡ. ಫಿಲ್ಟರ್ ಕೂರುವ ಏರ್ ಬಾಕ್ಸ್ ತೆರೆದು, ಫಿಲ್ಟರನ್ನು ಮಣ್ಣು ಒಳಗೆ ಉದುರದಂತೆ ಮೆಲ್ಲನೆ ಹೊರತೆಗೆದು, ಬಿಳಿಯ ಬಟ್ಟೆಯೊಂದನ್ನು ಬೆರಳಿಗೆ ಸುತ್ತಿ, ಎಂಜಿನ್ನಿಗೆ ಗಾಳಿ ಹೋಗುವ ರಬ್ಬರ್ ಕೊಳವೆಯ ಒಳಗೋಡೆಯನ್ನು ಒರೆಸು. ಬಟ್ಟೆ ಶುಭ್ರವಾಗಿದ್ದರೆ ಒಳ್ಳೆಯ ಕೈಯಲ್ಲಿದ್ದ ಬೈಕು ಎಂದು ನಂಬಬಹುದು. ಕಂದು ಬಣ್ಣದ ಕಲೆ ಮೂಡಿ, ಉಜ್ಜಿದರೆ ಬೆರಳಿಗೆ ನುಣ್ಣನೆಯ ಮರಳು ಹತ್ತಿದರೆ, ಅದೇ ಧೂಳು ಸಿಲಿಂಡರಿಗೂ ಹೋಗಿದೆ ಎಂದೇ ತಿಳಿ.

ಆ ಧೂಳು ಪಿಸ್ಟನ್ ರಿಂಗುಗಳನ್ನು ಸವೆಸುವುದಲ್ಲದೆ ಗಾಳಿಯನ್ನು ಒಳಗೆ ಬಿಡುವ ಇನ್‌ಟೇಕ್ ವಾಲ್ವುಗಳನ್ನೂ ತಿನ್ನುತ್ತದೆ. ಇಂಥ ಎಂಜಿನ್ನುಗಳಲ್ಲಿ ಹಲವಕ್ಕೆ ಟೈಟಾನಿಯಂ ವಾಲ್ವುಗಳಿರುತ್ತವೆ. ಅವುಗಳ ಮೇಲಿನ ತೆಳುವಾದ ಗಟ್ಟಿ ಲೇಪ ಹೋಯಿತೆಂದರೆ ವಾಲ್ವ್ ತಾನು ಕೂರುವ ಸೀಟಿನೊಳಗೆ ಇಳಿಯುತ್ತಾ ಹೋಗಿ, ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಇರಬೇಕಾದ ಸಣ್ಣ ಸಂದು, ಅಂದರೆ ವಾಲ್ವ್ ಕ್ಲಿಯರೆನ್ಸ್, ಕಡಿಮೆಯಾಗುತ್ತದೆ, ಬೈಕು ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಆದ್ದರಿಂದ ಎಂಜಿನ್ ಪೂರ್ತಿ ತಣ್ಣಗಿರುವಾಗ, ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ತುದಿಗೆ ತಂದು, ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜಿನಿಂದ ಆ ಕ್ಲಿಯರೆನ್ಸ್ ಅಳೆದು, ಸರ್ವಿಸ್ ಮ್ಯಾನ್ಯುಯಲ್ಲಿನ ಅಂಕಿಗೆ ಹೋಲಿಸಿ, ತಾರೀಖಿನ ಸಮೇತ ಒಂದು ಪುಸ್ತಕದಲ್ಲಿ ಬರೆದಿಡು. ಶಿಮ್ (ಸಂದನ್ನು ಹೊಂದಿಸುವ ಸಣ್ಣ ಬಿಲ್ಲೆ) ಬದಲಿಸಿ ಸರಿಮಾಡಿದ ಕ್ಲಿಯರೆನ್ಸ್ ಕೆಲವೇ ಗಂಟೆಗಳಲ್ಲಿ ಮತ್ತೆ ಕುಗ್ಗಿದರೆ ಇನ್ನೊಂದು ಶಿಮ್ ಹಾಕಿ ಕಾಲ ತಳ್ಳಬೇಡ. ಆ ವಾಲ್ವಿನ ಆಯುಷ್ಯ ಮುಗಿದಿದೆ, ಅದು ಮುರಿದು ಪಿಸ್ಟನ್ ಮೇಲೆ ಬಿದ್ದರೆ ಇಡೀ ಎಂಜಿನ್ ಹೋಗುತ್ತದೆ. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಒಂದನ್ನೇ ನೆಚ್ಚಿಕೊಳ್ಳುವುದೂ ಸರಿಯಲ್ಲ, ಏಕೆಂದರೆ ಸ್ಟಾರ್ಟ್ ಮಾಡಲು ಅನುಕೂಲವಾಗಲೆಂದು ಆ ಒತ್ತಡವನ್ನು ತಗ್ಗಿಸುವ ಡಿಕಂಪ್ರೆಷನ್ ವ್ಯವಸ್ಥೆಯಿಂದಾಗಿ ಆರೋಗ್ಯವಾಗಿರುವ ಎಂಜಿನ್ನೂ ಕಡಿಮೆ ಅಂಕಿ ತೋರಿಸಬಹುದು. ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ಅಳೆಯುವ ಲೀಕ್ ಡೌನ್ ಪರೀಕ್ಷೆ ಮಾಡಿಸಿದರೆ ಗಾಳಿ ಎಲ್ಲಿಂದ ಸೋರುತ್ತಿದೆ ಎಂಬುದೂ ತಿಳಿಯುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಿನ್ನ ವಯಸ್ಸಿನಲ್ಲಿ ನಾನು ಕತ್ತಲಾಗುವ ಹೊತ್ತಿಗೆ ಅವಸರದಿಂದ ಫಿಲ್ಟರ್ ಕೂರಿಸಿದ್ದೆ. ಒಂದು ಅಂಚು ಮಡಚಿಕೊಂಡದ್ದು ಕಾಣಲಿಲ್ಲ. ಮರಳಿನ ಟ್ರ್ಯಾಕಿನಲ್ಲಿ ಒಂದೇ ದಿನ ಓಡಿಸಿದ್ದಕ್ಕೆ ರಿಂಗುಗಳು ಹಾಳಾಗಿ ಸೈಲೆನ್ಸರಿನಿಂದ ನೀಲಿ ಹೊಗೆ ಬರತೊಡಗಿತು. ಆ ನೋವು ಇಂದಿಗೂ ಮರೆತಿಲ್ಲ. ಫೋಮ್ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆಯಬೇಡ, ಅಂಟು ಬಿಡುತ್ತದೆ. ಫಿಲ್ಟರ್ ಕ್ಲೀನರಿನಿಂದ ತೊಳೆದು, ಹಿಂಡದೆ ಒತ್ತಿ ನೀರು ತೆಗೆದು, ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಆಯಿಲನ್ನು ಎಲ್ಲೆಡೆ ಒಂದೇ ಬಣ್ಣ ಬರುವಂತೆ ಹಿಡಿಸಿ, ಕೂರುವ ಅಂಚಿಗೆ ಗ್ರೀಸ್ ಸವರಿ, ಸುತ್ತಲೂ ಬೆರಳಾಡಿಸಿ ನೋಡಿಯೇ ಬೋಲ್ಟ್ ಬಿಗಿ ಮಾಡು.

ಎಂಜಿನ್ ಆಯಿಲ್ ಹಿಂದೆ ಯಾವಾಗ ಬದಲಾಯಿತೆಂದು ಕೇಳದೆ ಈಗಲೇ ಬದಲಿಸಿಬಿಡು. ಇಂಥ ಎಂಜಿನ್ನಿನಲ್ಲಿ ಹಿಡಿಯುವುದೇ ಒಂದು ಲೀಟರಿನ ಆಸುಪಾಸು, ಅದು ಬೇಗ ಕೆಡುತ್ತದೆ. ಇಳಿದ ಆಯಿಲ್ ಹಾಲು ಬೆರೆತಂತೆ ಕಂಡರೆ ಒಳಗೆ ನೀರು ಸೇರಿದೆ ಎಂದರ್ಥ, ವಾಟರ್ ಪಂಪಿನ ಸೀಲನ್ನು ಮೊದಲು ಅನುಮಾನಿಸು. ಡ್ರೈನ್ ಬೋಲ್ಟನ್ನು ಬಿಗಿತವನ್ನು ಅಳೆದು ತಿರುಗಿಸುವ ಟಾರ್ಕ್ ರೆಂಚಿನಿಂದಲೇ ಬಿಗಿ ಮಾಡು. ಅಲ್ಯೂಮಿನಿಯಂ ಥ್ರೆಡ್ ತೋಳ್ಬಲವನ್ನು ತಾಳುವುದಿಲ್ಲ.

ಬೈಕನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಿಂದಿನ ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತು. ಟಕ್ ಎಂಬ ಸಣ್ಣ ಆಟ ಸಿಕ್ಕರೂ ಹಿಂದಿನ ಗಾಲಿಯನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಮತ್ತು ಅದನ್ನು ಶಾಕ್ ಅಬ್ಸಾರ್ಬರಿಗೆ ಜೋಡಿಸುವ ಲಿಂಕೇಜ್, ಇವುಗಳ ಬೇರಿಂಗುಗಳನ್ನು ಬಿಚ್ಚಿ ನೋಡಬೇಕು, ಗ್ರೀಸ್ ಒಣಗಿ ತುಕ್ಕು ಹಿಡಿದಿರುವುದು ತೀರಾ ಸಾಮಾನ್ಯ. ಸ್ಪೋಕುಗಳನ್ನು ಸ್ಪ್ಯಾನರಿನಿಂದ ಮೆಲ್ಲನೆ ತಟ್ಟುತ್ತಾ ಹೋಗು; ಬಿಗಿಯಾದವು ಟಿಣ್ ಎನ್ನುತ್ತವೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಮುಂದಿನ ಫೋರ್ಕಿನಲ್ಲಿ ಆಯಿಲ್ ಒಸರುತ್ತಿದ್ದರೆ ಸೀಲಿನ ಅಂಚಿನಲ್ಲಿ ಸಿಕ್ಕಿರುವ ಮಣ್ಣನ್ನು ತೆಗೆದು ನೋಡಿ, ಆಮೇಲೂ ನಿಲ್ಲದಿದ್ದರೆ ಸೀಲ್ ಬದಲಿಸು. ಆ ಆಯಿಲ್ ಬ್ರೇಕ್ ಪ್ಯಾಡಿಗೆ ಇಳಿದಿದ್ದರೆ ಪ್ಯಾಡನ್ನೂ ಬದಲಿಸು. ಚೈನನ್ನು ಒರೆಸುವಾಗ ಎಂಜಿನ್ ಓಡಿಸಿ ಗಾಲಿ ತಿರುಗಿಸುವ ಕೆಟ್ಟ ಅಭ್ಯಾಸ ಕೆಲವರಿಗಿದೆ. ಕ್ಷಣಾರ್ಧದಲ್ಲಿ ಬೆರಳು ತುಂಡಾಗುತ್ತದೆ, ನೀನು ಎಂದಿಗೂ ಹಾಗೆ ಮಾಡಕೂಡದು.

ಎಂಜಿನ್ ಓಡಿದ ಗಂಟೆ ಎಣಿಸುವ ಒಂದು ಅವರ್ ಮೀಟರ್ ತಂದು ಹಾಕು, ನಿನ್ನ ಲೆಕ್ಕ ಇಂದಿನಿಂದ ಶುರುವಾಗಲಿ. ಏರ್ ಬಾಕ್ಸ್ ತೆರೆದ ದಿನ ಆ ಬಿಳಿಯ ಬಟ್ಟೆಯ ಫೋಟೋ ಕಳಿಸು. ಅದನ್ನು ನೋಡಿದ ಮೇಲೆ ಎಂಜಿನ್ ಬಿಚ್ಚಬೇಕೋ ಬೇಡವೋ ಎಂಬುದನ್ನು ಇಬ್ಬರೂ ಕೂಡಿ ತೀರ್ಮಾನಿಸೋಣ.

ಇಂತಿ ನಿನ್ನ
ದೊಡ್ಡಪ್ಪ