ಕಾನ್ ಪುರಸ್ಕೃತ ಕಿರುಚಿತ್ರಗಳನ್ನು ನಮ್ಮೂರಿಗೆ ತಂದವರಿಗೆ ಕೃತಜ್ಞತೆಗಳು

ಫ್ರಾನ್ಸಿನ ಕಾನ್ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಬೇರೆ ಬೇರೆ ಕಾಲಕ್ಕೆ ಕಿರುಚಿತ್ರ ವಿಭಾಗದ ಅತ್ಯುನ್ನತ ಗೌರವವಾದ ಪಾಮ್ ಡಿ'ಓರ್ ಪ್ರಶಸ್ತಿ ಪಡೆದ ನಾಲ್ಕು ಚಿತ್ರಗಳನ್ನು ಕನ್ನಡ ಸಬ್‌ಟೈಟಲ್‌ಗಳೊಂದಿಗೆ ನಮ್ಮ ತಾಲ್ಲೂಕಿನ ಜನರ ಮುಂದಿಡಬೇಕೆಂಬ ನಮ್ಮ ಬಳಗದ ಬಹುದಿನದ ಆಸೆ ಕಳೆದ ವಾರ ಕೈಗೂಡಿತು. ಸಭಾಭವನದಲ್ಲಿ ಕುರ್ಚಿ ಸಾಲದೆ ಮಕ್ಕಳು ಜಮಖಾನದ ಮೇಲೆ ಕುಳಿತು ನೋಡಿದ ಆ ಪ್ರದರ್ಶನದ ಹಿಂದೆ ದುಡಿದವರಲ್ಲಿ ಹೆಚ್ಚಿನವರು ವೇದಿಕೆಗೆ ಬರಲು ಒಪ್ಪಲಿಲ್ಲ. ಅಂದು ಹೇಳಲಾಗದೆ ಉಳಿದ ಕೃತಜ್ಞತೆಯನ್ನು ಈ ಬರಹದ ಮೂಲಕ ಸಲ್ಲಿಸುತ್ತಿದ್ದೇನೆ.

ಮೊದಲ ವಂದನೆ ನಮಗೆ ಪರಿಚಯವೇ ಇಲ್ಲದ ಒಬ್ಬರಿಗೆ ಸಲ್ಲಬೇಕು. ವೈದ್ಯಕೀಯ ಓದಿ ಸಿನಿಮಾದ ಕಡೆಗೆ ಬಂದ ಮೈಸೂರಿನ ಚಿದಾನಂದ ಎಸ್. ನಾಯ್ಕ ಅವರು ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಕಲಿಯುವಾಗ ಮಾಡಿದ 'ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು' ಎಂಬ ಕನ್ನಡ ಕಿರುಚಿತ್ರಕ್ಕೆ 2024ರ ಮೇ ತಿಂಗಳಿನಲ್ಲಿ ಕಾನ್ ಉತ್ಸವದಲ್ಲಿ ಸಿನಿಮಾ ಶಾಲೆಗಳ ವಿದ್ಯಾರ್ಥಿಗಳ ಚಿತ್ರಗಳಿಗೆಂದೇ ಇರುವ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಬಂತು. ಜಗತ್ತಿನ 555 ಸಿನಿಮಾ ಶಾಲೆಗಳಿಂದ ಬಂದಿದ್ದ 2,263 ಚಿತ್ರಗಳಲ್ಲಿ ಸ್ಪರ್ಧೆಗೆ ಆಯ್ಕೆಯಾದದ್ದು 18. ಅವುಗಳಲ್ಲಿ ಮೊದಲನೆಯ ಸ್ಥಾನ, ಅಜ್ಜಿಯೊಬ್ಬಳು ಹುಂಜವನ್ನು ಕದ್ದೊಯ್ದದ್ದರಿಂದ ಬೆಳಗೇ ಆಗದೆ ಊರು ಕತ್ತಲಲ್ಲಿ ಉಳಿಯುವ, ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತಲೇ ಬಂದಿರುವ ಕತೆಗೆ ದಕ್ಕಿತು. ಆ ಸುದ್ದಿಯನ್ನು ಓದಿದ ನಮ್ಮ ಕಾಲೇಜಿನ ವಿದ್ಯಾರ್ಥಿಗಳು, ಅಲ್ಲಿ ಹಿಂದೆ ಗೆದ್ದ ಕಿರುಚಿತ್ರಗಳು ಯಾವುವು, ಅವನ್ನು ನಾವು ನೋಡುವುದು ಹೇಗೆ ಎಂದು ಕೇಳತೊಡಗಿದರು. ನಮ್ಮ ಕೆಲಸ ಆರಂಭವಾದದ್ದು ಆ ಪ್ರಶ್ನೆಯಿಂದ.

ಕಿರುಚಿತ್ರಕ್ಕೆ ಪ್ರಶಸ್ತಿ ಬಂದರೂ ಚಿತ್ರಮಂದಿರ ಸಿಗುವುದು ಅಪರೂಪ. ಐದು ನಿಮಿಷದ ಅಥವಾ ಅರ್ಧ ಗಂಟೆಯ ಚಿತ್ರಕ್ಕೆ ಟಿಕೆಟ್ ಮಾರುವ ವ್ಯವಸ್ಥೆ ಸಾಮಾನ್ಯವಾಗಿ ಇಲ್ಲವಾದ್ದರಿಂದ ಅದು ಹೆಚ್ಚಾಗಿ ಉತ್ಸವದಿಂದ ಉತ್ಸವಕ್ಕೆ ಹೋಗಿ ಕೊನೆಗೆ ಸಂಗ್ರಹಾಲಯವನ್ನು ಸೇರುತ್ತದೆ. ತೀರ್ಪುಗಾರರ ಮೆಚ್ಚುಗೆಯಿಂದ ಒಂದು ಕಿರುಚಿತ್ರದ ಅರ್ಧ ಆಯುಷ್ಯ ಮಾತ್ರ ಸಾರ್ಥಕವಾಗುತ್ತದೆ, ಉಳಿದರ್ಧ ಅದು ದೂರದ ಊರುಗಳ ಜನರ ಕಣ್ಣಿಗೆ ಬಿದ್ದಾಗಲೇ ಎಂದು ನಾನು ದೃಢವಾಗಿ ನಂಬಿದ್ದೇನೆ. ನಮ್ಮದು ಶುಲ್ಕವಿಲ್ಲದ ಪ್ರದರ್ಶನವೆಂಬುದನ್ನು ಗಮನಿಸಿ, ಸಣ್ಣ ಊರಿನ ಪತ್ರವೆಂದು ಬದಿಗಿಡದೆ ತಾಳ್ಮೆಯಿಂದ ಉತ್ತರಿಸಿ ಅನುಮತಿ ಕೊಟ್ಟ ಹಕ್ಕುದಾರರೆಲ್ಲರಿಗೂ ಈ ಕಾರಣಕ್ಕಾಗಿಯೇ ನಾವು ಋಣಿಗಳು.

ಪ್ರದರ್ಶನದ ದಿನ ನಮಗೆ ಎಲ್ಲಕ್ಕಿಂತ ಹೆಚ್ಚು ನೆರವಾದವರು ಊರಿನ ಶಾಮಿಯಾನದ ಮಾಲೀಕರು. ಕೆನಡಾದಲ್ಲಿ ನಾರ್ಮನ್ ಮೆಕ್‌ಲಾರೆನ್ ಮಾಡಿದ, 1955ರಲ್ಲಿ ಪ್ರಶಸ್ತಿ ಪಡೆದ 'ಬ್ಲಿಂಕಿಟಿ ಬ್ಲ್ಯಾಂಕ್' ಕ್ಯಾಮೆರಾ ಇಲ್ಲದೆ ಮಾಡಿದ ಚಿತ್ರ. ಕಪ್ಪು ಲೇಪನವಿರುವ ಫಿಲ್ಮಿನ ಮೇಲೆ ಮೊನಚಾದ ಉಪಕರಣಗಳಿಂದ ಕೆರೆದು ಅವರು ಆಕೃತಿಗಳನ್ನು ಮೂಡಿಸಿದರು. ನಡುನಡುವೆ ಅನೇಕ ಚೌಕಟ್ಟುಗಳನ್ನು ಏನೂ ಬರೆಯದೆ ಕಪ್ಪಾಗಿಯೇ ಬಿಟ್ಟರು. ಮಿಂಚಿ ಮರೆಯಾದ ಗೆರೆಯನ್ನು ನಮ್ಮ ಕಣ್ಣು ಕ್ಷಣಕಾಲ ಹಿಡಿದಿಟ್ಟುಕೊಳ್ಳುವುದರಿಂದಲೇ ಆ ಹಕ್ಕಿಯಂಥ ಆಕೃತಿಗಳು ಹಾರಾಡಿದಂತೆ ಕಾಣುತ್ತವೆ. ಪರದೆಯ ಮೇಲೆ ಸ್ವಲ್ಪ ಹೊರಗಿನ ಬೆಳಕು ಬಿದ್ದರೂ ಇಡೀ ಚಿತ್ರವೇ ಕೆಟ್ಟುಹೋಗುತ್ತದೆ. ನಮ್ಮ ಸಭಾಭವನವೋ ಗಾಳಿ ಬೆಳಕಿಗೆಂದು ಎರಡೂ ಬದಿ ದೊಡ್ಡ ಕಿಟಕಿಗಳನ್ನಿಟ್ಟು ಕಟ್ಟಿದ್ದು. ಮಧ್ಯಾಹ್ನದ ಪರೀಕ್ಷಾ ಪ್ರದರ್ಶನದಲ್ಲಿ ಪರದೆ ಬೆಳ್ಳಗೆ ಕಂಡದ್ದನ್ನು ನೋಡಿದ ಶಾಮಿಯಾನದ ಮಾಲೀಕರು ಯಾರೂ ಕೇಳುವ ಮೊದಲೇ ಗೋದಾಮಿನಿಂದ ಕಪ್ಪು ಬಟ್ಟೆಯ ಥಾನುಗಳನ್ನು ತರಿಸಿ, ತಮ್ಮ ಹುಡುಗರನ್ನು ಏಣಿ ಹತ್ತಿಸಿ, ಬಾಗಿಲ ಸಂದಿಯನ್ನೂ ಬಿಡದೆ ಮುಚ್ಚಿಸಿದರು. ಬಾಡಿಗೆಯ ಮಾತೆತ್ತಿದಾಗ, "ಮಕ್ಕಳು ನೋಡೋದಲ್ವಾ ಸ್ವಾಮಿ, ಇರಲಿ ಬಿಡಿ" ಎಂದರು. ಆ ಐದು ನಿಮಿಷಗಳ ಚಿತ್ರ ಮುಗಿದೊಡನೆ ಮಕ್ಕಳು ಒಕ್ಕೊರಲಿನಿಂದ ಮತ್ತೊಮ್ಮೆ ಹಾಕಿ ಎಂದು ಕೇಳಿದ ಸಂತೋಷದಲ್ಲಿ ಸಿಂಹಪಾಲು ಅವರದು.

ಸಬ್‌ಟೈಟಲ್ ಮಾಡಿದ ವಿದ್ಯಾರ್ಥಿಗಳ ಶ್ರಮವನ್ನು ಹೊರಗಿನವರು ಊಹಿಸುವುದು ಕಷ್ಟ. ಅಲ್ಬೆರ್ ಲಾಮೊರಿಸ್ಸೆ ಅವರ 'ಕೆಂಪು ಬಲೂನು' (1956) ಚಿತ್ರದಲ್ಲಿ ಮಾತು ಬಹಳ ವಿರಳ. ಪ್ಯಾರಿಸ್ಸಿನ ಬೂದು ಬಣ್ಣದ ಬೀದಿಗಳಲ್ಲಿ ಹುಡುಗನೊಬ್ಬನ ಹಿಂದೆ ಬಲೂನು ನಡೆದುಬರುವುದಕ್ಕೆ ಯಾವ ಭಾಷೆಯೂ ಬೇಕಿಲ್ಲ, ಹೀಗಿದ್ದೂ ಅತ್ಯುತ್ತಮ ಮೂಲ ಚಿತ್ರಕಥೆಯ ಆಸ್ಕರ್ ಅದಕ್ಕೆ ಸಂದಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ರೈಲು ಸೇತುವೆಯ ಮೇಲೆ ನೇಣಿಗೆ ಸಿದ್ಧನಾಗಿ ನಿಂತವನ ಕತೆಯಾದ ರೊಬೆರ್ ಆನ್ರಿಕೊ ಅವರ ಚಿತ್ರದಲ್ಲಿಯೂ (1962) ಮಾತು ಕಡಿಮೆ. ಹುಡುಗರು ನಿದ್ದೆಗೆಟ್ಟದ್ದು ಜೇನ್ ಕ್ಯಾಂಪಿಯನ್ ಅವರ 'ಪೀಲ್' ಚಿತ್ರಕ್ಕಾಗಿ. ಕಾರಿನಲ್ಲಿ ಹೊರಟ ಅಪ್ಪ, ಮಗ, ಸೋದರತ್ತೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಹಾಕುತ್ತ ಜಗಳವಾಡುವ ಒಂಬತ್ತು ನಿಮಿಷಗಳಲ್ಲಿ, ಓದಿ ಮುಗಿಸುವಷ್ಟು ಹೊತ್ತು ಪ್ರತಿ ಸಾಲೂ ಪರದೆಯ ಮೇಲೆ ಉಳಿಯಬೇಕು, ಎರಡು ಸಾಲು ಮೀರಬಾರದು, ಬೈಗುಳದ ಬಿಸಿಯೂ ಆರಬಾರದು. ಅಷ್ಟೆಲ್ಲ ಆದ ಮೇಲೆ ಸಭಾಭವನದ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಕಳಚಿ ಬೇರೆಯಾಗಿ ಕಾಣಿಸಿದಾಗ, ಅಕ್ಷರಗಳನ್ನು ಚಿತ್ರದೊಳಗೇ ಅಚ್ಚೊತ್ತಿಸಿ ಹೊಸ ಪ್ರತಿಯನ್ನು ಸಿದ್ಧಮಾಡಿಕೊಟ್ಟ ಇಬ್ಬರು ವಿದ್ಯಾರ್ಥಿನಿಯರಿಗೆ ನಾನು ವಿಶೇಷವಾಗಿ ಆಭಾರಿ. ಈ ಚಿತ್ರಕ್ಕೆ 1986ರಲ್ಲಿ ಪ್ರಶಸ್ತಿ ಬಂದಾಗ ಅದು ಕ್ಯಾಂಪಿಯನ್ ಅವರು ಸಿನಿಮಾ ಶಾಲೆಯಲ್ಲಿ ಮಾಡಿದ ಕೆಲಸವಾಗಿತ್ತು ಎಂದು ತಿಳಿದಾಗ ಅವರಿಬ್ಬರ ಮುಖ ಅರಳಿದ್ದನ್ನು ಅವರ ತಂದೆತಾಯಿಗಳಿಗೂ ತಿಳಿಸಬಯಸುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಹಿರಿಯರು ಹಾಕಿಕೊಟ್ಟ ದಾರಿಯಿದೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜವನ್ನು ಕಟ್ಟಿ, ಜಗತ್ತಿನ ಒಳ್ಳೆಯ ಸಿನಿಮಾ ಹಳ್ಳಿಯವರಿಗೆ ಅರ್ಥವಾಗುವುದಿಲ್ಲವೆಂಬ ಮಾತನ್ನು ಪ್ರದರ್ಶನಗಳ ಮೂಲಕವೇ ಸುಳ್ಳುಮಾಡಿದರು. ಪುಣೆಯ ಸಂಸ್ಥೆಯ ಸತೀಶ್ ಬಹದ್ದೂರ್ ಅವರು ಅಲ್ಲಿಗೆ ಬಂದು ನಡೆಸಿದ ಚಲನಚಿತ್ರ ರಸಗ್ರಹಣ ಶಿಬಿರದಲ್ಲಿ ಕುಳಿತಿದ್ದ ನಮ್ಮೂರಿನ ನಿವೃತ್ತ ಮೇಷ್ಟ್ರು, ಪ್ರತಿ ಚಿತ್ರಕ್ಕೂ ಮೊದಲು ಎರಡೇ ಮಾತು ಹೇಳಿ, ನಂತರ ಸಭಿಕರೇ ಮಾತನಾಡುವಂತೆ ಚರ್ಚೆಯನ್ನು ನಡೆಸಿಕೊಟ್ಟರು. ಮೇಷ್ಟ್ರೇ, ನಿಮ್ಮ ಆ ಸಂಯಮದಿಂದಾಗಿಯೇ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬಾಯಿಬಿಟ್ಟರು. ಕಿತ್ತಳೆ ಸಿಪ್ಪೆಯನ್ನು ರಸ್ತೆಗೆ ಎಸೆದ ಹುಡುಗನಿಂದ ಅದನ್ನು ಹೆಕ್ಕಿಸುವ ಅಪ್ಪ ತಾನೂ ಅಷ್ಟೇ ಹಟಮಾರಿ, ಮಗ ಕಲಿತದ್ದು ಅವನಿಂದಲೇ ಎಂದು ಅವರಲ್ಲೊಬ್ಬರು ಹೇಳಿದಾಗ 'ಪೀಲ್' ನನಗೆ ಮೊದಲಿಗಿಂತ ಹೆಚ್ಚು ತೆರೆದುಕೊಂಡಿತು.

ಸಭಾಭವನವನ್ನು ಬಿಟ್ಟುಕೊಟ್ಟವರಿಗೆ, ಪ್ರೊಜೆಕ್ಟರನ್ನು ಎರವಲು ಕೊಟ್ಟ ಶಾಲೆಗೆ, ಕರೆಂಟು ಹೋದರೆಂದು ಜನರೇಟರಿನ ಪಕ್ಕದಿಂದ ಕದಲದೆ ನಿಂತಿದ್ದ ಗೆಳೆಯರಿಗೆ, ಚಹಾ ಮಂಡಕ್ಕಿ ಒದಗಿಸಿದ ಮನೆಗಳವರಿಗೆ, ದೂರದ ಹಳ್ಳಿಗಳ ಮಕ್ಕಳನ್ನು ಕರೆತಂದು ಮತ್ತೆ ಮನೆ ಮುಟ್ಟಿಸಿದ ಅಧ್ಯಾಪಕರಿಗೆ ನಮ್ಮ ಬಳಗದ ಹೃತ್ಪೂರ್ವಕ ವಂದನೆಗಳು. ನಾವು ಸಿದ್ಧಪಡಿಸಿದ ಕನ್ನಡ ಸಬ್‌ಟೈಟಲ್‌ಗಳು ವಿದ್ಯಾರ್ಥಿಗಳ ಬಳಿ ಜೋಪಾನವಾಗಿವೆ. ಹಕ್ಕುದಾರರಿಂದ ಅನುಮತಿ ಪಡೆದು ಈ ಚಿತ್ರಗಳನ್ನು ತಮ್ಮ ಊರಿನಲ್ಲಿ ತೋರಿಸಬಯಸುವ ಯಾವುದೇ ಶಾಲೆಗೆ, ಬಳಗಕ್ಕೆ ಅವನ್ನು ಉಚಿತವಾಗಿ ಕೊಡಲು ಅವರೆಲ್ಲರೂ ಒಪ್ಪಿದ್ದಾರೆ.