ಜನವರಿ 26 ಆಸ್ಟ್ರೇಲಿಯಾದ ಸ್ವಾತಂತ್ರ್ಯ ದಿನ ಅಲ್ಲ

ಮಾನ್ಯ ಸಂಪಾದಕರೇ,

ಗಣರಾಜ್ಯೋತ್ಸವ ಬಂತು ಅಂದರೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ತಪ್ಪದೆ ಬರುತ್ತದೆ, ಅದೇ ದಿನ ಆಸ್ಟ್ರೇಲಿಯಾಕ್ಕೂ ಸ್ವಾತಂತ್ರ್ಯ ಬಂದಿತ್ತು ಅಂತ. ಓದಿದವರೂ ಇದನ್ನು ಫಾರ್ವರ್ಡ್ ಮಾಡುತ್ತಾರೆ. ಇದು ತಪ್ಪು. 1788ರ ಜನವರಿ 26ರಂದು ಬ್ರಿಟಿಷರು ಹಡಗುಗಳಲ್ಲಿ ಕೈದಿಗಳನ್ನು ತಂದಿಳಿಸಿ ಸಿಡ್ನಿಯಲ್ಲಿ ಬಾವುಟ ಹಾರಿಸಿದರು. ಅವತ್ತು ಯಾರಿಗೂ ಸ್ವಾತಂತ್ರ್ಯ ಸಿಗಲಿಲ್ಲ, ಅಲ್ಲಿನ ಮೂಲನಿವಾಸಿಗಳಿಗೆ ಇದ್ದದ್ದೂ ಹೋಯಿತು.

ಆಸ್ಟ್ರೇಲಿಯಾ ಒಂದು ದೇಶ ಆಗಿದ್ದು 1901ರ ಜನವರಿ 1ಕ್ಕೆ. ಅದಕ್ಕೆ ಮುಂಚೆ ಅಲ್ಲಿ ಆರು ವಸಾಹತುಗಳಿದ್ದವು. ಒಂದೊಂದಕ್ಕೂ ಬೇರೆ ಸರ್ಕಾರ, ಬೇರೆ ಸುಂಕ, ಕೊನೆಗೆ ರೈಲು ಹಳಿಯ ಅಳತೆಯೂ ಎಲ್ಲ ಕಡೆ ಒಂದೇ ಇರಲಿಲ್ಲ.

ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಆಲ್ಬರಿ ಸ್ಟೇಷನ್ ನೋಡಿ ಬಂದೆ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್, ಮೆಲ್ಬರ್ನ್ ಇರುವ ವಿಕ್ಟೋರಿಯಾ, ಈ ಎರಡು ವಸಾಹತುಗಳ ಗಡಿಯ ಊರು ಅದು. ಊರೇನೂ ಭಾರಿ ದೊಡ್ಡದಲ್ಲ, ಆದರೆ ಪ್ಲಾಟ್‌ಫಾರ್ಮ್ ಎಷ್ಟು ಉದ್ದ ಅಂದರೆ ಆ ತುದಿಯಲ್ಲಿ ನಿಂತವರ ಗುರುತು ಹತ್ತುವುದಿಲ್ಲ. ಯಾಕೆ ಅಂದರೆ ಆಗ ಸಿಡ್ನಿಯಿಂದ ಬಂದ ಹಳಿ 4 ಅಡಿ ಎಂಟೂವರೆ ಇಂಚು, ಮೆಲ್ಬರ್ನ್ ಕಡೆಯದ್ದು 5 ಅಡಿ 3 ಇಂಚು. ಎಲ್ಲರೂ ಗಂಟುಮೂಟೆ ಸಮೇತ ಇಳಿದು ಇನ್ನೊಂದು ಗಾಡಿ ಹತ್ತಬೇಕಿತ್ತು, ಜೊತೆಗೆ ಸುಂಕದವರು ಪೆಟ್ಟಿಗೆ ಬಿಚ್ಚಿಸುತ್ತಿದ್ದರು. ನಮ್ಮ ಕಡೆ ಮೀಟರ್ ಗೇಜ್ ಇದ್ದಾಗ ಮದ್ರಾಸಿಗೆ ಹೋಗಲು ಬೆಂಗಳೂರಿನಲ್ಲಿ ಗಾಡಿ ಬದಲಾಯಿಸಿದವರಿಗೆ ಆ ಕಷ್ಟ ಗೊತ್ತು, ಆದರೆ ನಮಗೆ ಸುಂಕದ ಕಾಟವಾದರೂ ಇರಲಿಲ್ಲ ಅಲ್ವಾ.

ಒಂದಾಗೋಣ ಅಂತ 1889ರಲ್ಲಿ ಟೆಂಟರ್‌ಫೀಲ್ಡ್ ಎಂಬ ಊರಲ್ಲಿ ಜೋರಾಗಿ ಹೇಳಿದವರು ಆಗ ನ್ಯೂ ಸೌತ್ ವೇಲ್ಸ್ ಸರ್ಕಾರದ ಮುಖ್ಯಸ್ಥರಾಗಿದ್ದ ಹೆನ್ರಿ ಪಾರ್ಕ್ಸ್. ನಾಯಕರು ಸೇರಿ 1891ರಲ್ಲಿ ಸಂವಿಧಾನದ ಒಂದು ಕರಡನ್ನೂ ಬರೆದರು, ಅದು ಹಾಗೇ ಮೂಲೆ ಸೇರಿತು. ಮತ್ತೆ ಜೀವ ಬಂದಿದ್ದು 1893ರಲ್ಲಿ, ಮರ್ರೆ ನದಿ ದಂಡೆಯ ಕೊರೋವಾದಲ್ಲಿ. ನದಿಯ ಆಚೆ ಈಚೆ ಸಾಮಾನು ದಾಟಿಸಲು ದಿನಾ ಸುಂಕ ಕಟ್ಟಿ ಬೇಸತ್ತ ಗಡಿ ಊರುಗಳ ಜನ ಅಲ್ಲಿ ಸೇರಿದ್ದರು. ಸಂವಿಧಾನ ಬರೆಯುವವರನ್ನು ಜನರೇ ಆರಿಸಲಿ, ಬರೆದದ್ದನ್ನು ಜನರೇ ಮತ ಹಾಕಿ ಒಪ್ಪಲಿ ಅಂತ ಜಾನ್ ಕ್ವಿಕ್ ಎಂಬ ವಕೀಲರು ಹೇಳಿದ್ದು ಅಲ್ಲೇ. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಹಿಡಿಸಿದ್ದು ಈ ಭಾಗ.

ಆಮೇಲೂ ಸುಲಭ ಆಗಲಿಲ್ಲ. 1898ರಲ್ಲಿ ಸಂವಿಧಾನ ಮತಕ್ಕೆ ಬಂದಾಗ ನ್ಯೂ ಸೌತ್ ವೇಲ್ಸ್‌ನಲ್ಲಿ ಜಾಸ್ತಿ ಜನ ಹೌದು ಅಂದರೂ, ಅಲ್ಲಿನ ಕಾನೂನಿನಂತೆ ಬೇಕಿದ್ದ 80,000 ಹೌದು ಮತ ಬೀಳಲಿಲ್ಲ, 71,595ಕ್ಕೆ ನಿಂತಿತು. ಮತ್ತೆ ಚೌಕಾಸಿ. ರಾಜಧಾನಿ ನ್ಯೂ ಸೌತ್ ವೇಲ್ಸ್‌ನಲ್ಲೇ ಇರಲಿ, ಆದರೆ ಸಿಡ್ನಿಯಿಂದ 100 ಮೈಲಿಯಾದರೂ ದೂರ ಇರಲಿ ಅಂತ ಒಪ್ಪಂದ ಆಯಿತು. ಕ್ಯಾನ್‌ಬೆರಾ ಹುಟ್ಟಿದ್ದು ಹೀಗೆ. 1899ರಲ್ಲಿ ಮತ್ತೆ ಮತ ಹಾಕಿ ಗೆದ್ದರು. ವೆಸ್ಟರ್ನ್ ಆಸ್ಟ್ರೇಲಿಯಾ ಕೊನೆಗೆ 1900ರ ಜುಲೈನಲ್ಲಿ ಮತ ಹಾಕಿ ಸೇರಲು ಒಪ್ಪಿತು. ಪಾರ್ಕ್ಸ್ ಇದನ್ನು ನೋಡಲು ಉಳಿದಿರಲಿಲ್ಲ, 1896ರಲ್ಲೇ ತೀರಿಕೊಂಡಿದ್ದರು.

ಯುದ್ಧ ಇಲ್ಲದೆ, ಮತ ಹಾಕಿ ಒಂದು ದೇಶ ಕಟ್ಟಿದ್ದು ದೊಡ್ಡ ಕೆಲಸವೇ. ಆದರೆ ಅದೇ ಸಂವಿಧಾನದ 127ನೇ ಕಲಂನಲ್ಲಿ, ಜನಸಂಖ್ಯೆ ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಸೇರಿಸಬಾರದು ಅಂತ ಬರೆದರು. ಸಾವಿರಾರು ವರ್ಷಗಳಿಂದ ಅಲ್ಲೇ ಬದುಕಿದ ಜನ ತಲೆ ಎಣಿಕೆಗೂ ಬೇಡವಾದರು. ಆ ಕಲಂ ತೆಗೆಯಲು 1967ರವರೆಗೆ ಕಾಯಬೇಕಾಯಿತು. ಒಂದೇ ಅಳತೆಯ ಹಳಿ ಮೇಲೆ ಸಿಡ್ನಿಯಿಂದ ಮೆಲ್ಬರ್ನ್‌ಗೆ ಗಾಡಿ ಓಡಿದ್ದು ಅದಕ್ಕಿಂತ ಐದು ವರ್ಷ ಮುಂಚೆ, 1962ರಲ್ಲಿ.

ಜನವರಿ 26 ಅನೇಕ ಮೂಲನಿವಾಸಿಗಳಿಗೆ ದುಃಖದ ದಿನ, ಅವತ್ತು ಅಲ್ಲಿ ಮೆರವಣಿಗೆಗಳೂ ನಡೆಯುತ್ತವೆ. ಆದ್ದರಿಂದ ಮುಂದಿನ ವರ್ಷ ಆ ದಿನದ ಬಗ್ಗೆ ಏನಾದರೂ ಹಾಕುವುದಿದ್ದರೆ, ದಯವಿಟ್ಟು ‘ಸ್ವಾತಂತ್ರ್ಯ ದಿನ’ ಅಂತ ಬರೆಯಬೇಡಿ. ‘ಆಸ್ಟ್ರೇಲಿಯಾ ಡೇ’ ಅಂತ ಬರೆದು, 1788ರಲ್ಲಿ ಏನಾಯಿತು ಅನ್ನುವುದನ್ನೂ ಎರಡು ಸಾಲು ಸೇರಿಸಿ.

ಇಂತಿ,
ನಿಮ್ಮ ಓದುಗ, ತಿಪಟೂರು