ಅವ್ವಗ: ಗಾಳಿ ಹೊರಗ ಬರವಲ್ದು

ಲೀಡ್ಸ್, ಇಂಗ್ಲೆಂಡ್

ಅವ್ವಾ, ನಿನ್ನ ಪಾದಕ್ಕ ಮಗಳ ನಮಸ್ಕಾರ. ನಾ ಆರಾಮ ಅದೀನಿ. ಇಲ್ಲಿ ಥಂಡಿ ಭಾಳ, ಅದನ್ನ ಬಿಟ್ರ ಹೇಳೂವಂಥಾದ್ದೇನಿಲ್ಲ.

ಫೋನಿನ್ಯಾಗ ಹೇಳಿದ್ರ ನೀ "ಹೂಂ, ಹೂಂ" ಅಂತಿ, ಆಮ್ಯಾಲ ನಿನ್ನ ಮನಸ್ಸಿಗೆ ಬಂದಂಗ ಮಾಡ್ತಿ. ಅದಕ್ಕ ಬರದು ಕಳಸಾಕತ್ತೀನಿ. ತಮ್ಮ ಓದಿ ಹೇಳ್ಲಿ. ಅವಂಗೂ ಒಂದೆರಡು ಮಾತು ಇದರಾಗ ಅದಾವ.

ಬಾಗಲಕೋಟ್ಯಾಗ ನಿನ್ನ ಕಡೆ ಮಷೀನಿಗೆ ಊದಿಸಿದ್ರಲ್ಲ, ಆ ರಿಪೋರ್ಟಿನ ಫೋಟೋ ನೋಡಿದೆ. ನೀ ಬಂದವರ ಮುಂದೆಲ್ಲ "ಗಾಳಿ ಒಳಗ ಹೋಗವಲ್ದು" ಅಂತಿ. ರಿಪೋರ್ಟ್ ಹೇಳೂದು ಬ್ಯಾರೆ: ಒಳಗ ಹೋದ ಗಾಳಿ ಹೊರಗ ಬರವಲ್ದು. ಎದಿ ತುಂಬ ಉಸಿರು ತಗೊಂಡು ಜೋರಾಗಿ ಊದಿದ್ರ, ಹೊರಗ ಬರೂ ಒಟ್ಟು ಗಾಳ್ಯಾಗ ನೂರಕ್ಕ 70 ಪಾಲಾದ್ರೂ ಮೊದಲನೇ ಸೆಕೆಂಡಿನ್ಯಾಗ ಬರಬೇಕು. ನಿಂದು 52 ಐತಿ, ಅದೂ ಔಷಧ ಕೊಟ್ಟು ಮತ್ತೊಮ್ಮಿ ಊದಿಸಿದ ಮ್ಯಾಲ. ಈ ಬ್ಯಾನಿಗೆ ಸಿಒಪಿಡಿ ಅಂತಾರ, ಗಾಳಿ ಕೊಳವಿ ಕಟ್ಟಿಕೊಳ್ಳೂ ದಮ್ಮಿನ ಬ್ಯಾನಿ.

ಪುಪ್ಪುಸಕ್ಕ (ಶ್ವಾಸಕೋಶಕ್ಕ) ತಾನಾಗಿ ಹಿಗ್ಗಾಕ ಬರೂದಿಲ್ಲವ್ವಾ. ಎದಿಗೂ ಹೊಟ್ಟಿಗೂ ನಡುವ ವಪೆ ಅನ್ನೂ ಸ್ನಾಯು ಮ್ಯಾಲಕ್ಕ ಉಬ್ಬಿಕೊಂಡು ಇರತೈತಿ. ಅದು ಬಿಗಿಯಾಗಿ ಕೆಳಗ ಸರದು, ಪಕ್ಕಿ ಎಲಬು ಮ್ಯಾಲೆದ್ರ ಎದ್ಯಾಗ ಜಾಗ ಹೆಚ್ಚಾಗತೈತಿ, ಒಳಗಿನ ಒತ್ತಡ ಇಳೀತೈತಿ, ಹೊರಗಿನ ಗಾಳಿ ತಾನ ನುಗ್ಗತೈತಿ. ಬಿಡೂ ಮುಂದ ಶ್ರಮ ಇಲ್ಲ, ಹಿಗ್ಗಿದ ಪುಪ್ಪುಸ ತಾನ ಕುಗ್ಗತೈತಿ. ಅಂದ್ರ ಗಟ್ಟಿ ಇದ್ದವರಿಗೆ.

ಗಂಟಲದಿಂದ ಕೆಳಗ ಹೋದ ಕೊಳವಿ ಎರಡಾಗಿ, ಎರಡು ನಾಕಾಗಿ, ಹಿಂಗ ಸುಮಾರು 23 ಸಲ ಒಡದು, ಕಡೀಕ ಸಣ್ಣ ಸಣ್ಣ ಗಾಳಿಗೂಡಿನ್ಯಾಗ ಮುಗೀತೈತಿ. ಅಂಥಾ ಗೂಡು 30 ಕೋಟಿಗೂ ಹೆಚ್ಚು. ಅವುಗಳ ಗ್ವಾಡಿ ಮಿಲಿಮೀಟರಿನ ಸಾವಿರದಾಗ ಒಂದು ಪಾಲೂ ದಪ್ಪ ಇಲ್ಲ. ಅದನ್ನ ದಾಟಿ ಆಕ್ಸಿಜನ್ ರಕ್ತಕ್ಕ ಹೋಗತೈತಿ, ಕಾರ್ಬನ್ ಡೈಆಕ್ಸೈಡ್ ಹೊರಗ ಬರತೈತಿ, ಎಲ್ಲಾ ಒಂದು ಸೆಕೆಂಡಿನೊಳಗ.

ನಿನಗ ಕೆಟ್ಟದ್ದು ಸಣ್ಣ ಕೊಳವಿಗೋಳು. ದೊಡ್ಡ ಕೊಳವಿಗೆ ಮೃದು ಎಲಬಿನ ಆಸರ ಐತಿ, ಸಣ್ಣವಕ್ಕ ಇಲ್ಲ. ಸುತ್ತಲಿನ ಗಾಳಿಗೂಡುಗೋಳು ಎಲ್ಲಾ ಕಡೆಯಿಂದ ಜಗ್ಗಿ ಅವನ್ನ ತೆರದು ಹಿಡಿದಿರತಾವ. ಒಲಿ ಹೊಗಿ ಆ ಗೂಡು ಹರದು, ಕೊಳವಿಯೊಳಗ ಬಾವು ತಂದು, ಕಫ ತುಂಬತೈತಿ. ಆಮ್ಯಾಲ ಉಸಿರು ಜೋರಾಗಿ ಬಿಟ್ಟಷ್ಟೂ ಕೊಳವಿ ಮುಚ್ಚಿಕೊಂಡು ಗಾಳಿ ಒಳಗ ಸಿಕ್ಕಿ ಬೀಳತೈತಿ. ಅದು ಖಾಲಿ ಆಗೂ ಮೊದಲ ನೀ ಇನ್ನೊಂದು ಉಸಿರು ಎಳೀತಿ. ಎದಿ ತುಂಬಿ ಬಿಗಿತೈತಿ, ವಪೆ ಚಪ್ಪಟಿ ಆಗಿ ಕೆಳಗ ಸರಿಯಾಕ ಜಾಗ ಉಳಿಯೂದಿಲ್ಲ. ಆವಾಗ ಕಟ್ಟಿ ಮ್ಯಾಲ ಕೂತು, ಮೊಣಕಾಲ ಮ್ಯಾಲ ಕೈ ಊರಿ, ಕುತ್ತಿಗಿ ನರ ಬಿಗಿದು ಎಳೀತೀಯಲ್ಲ, ಅದು ತುಂಬಿದ ಕೊಡಕ್ಕ ಮತ್ತ ನೀರು ಹಾಕಿದಂಗ.

ಹಂಗಾರ ಏನು ಮಾಡೂದು? ಮೊದಲ ಬಿಡು, ಆಮ್ಯಾಲ ತಗೋ. ಬಾಯಿ ಮುಚ್ಚಿ ಮೂಗಿನಿಂದ ಎರಡು ಎಣಿಸೂ ತನಕ ತಗೋ. ಆಮ್ಯಾಲ ಊದುಗೊಳವಿ ಹಿಡಿಯೂ ಮುಂದ ತುಟಿ ಮಾಡ್ತೀಯಲ್ಲ, ಹಂಗ ಮಾಡಿ ನಾಕು ಎಣಿಸೂ ತನಕ ಮೆಲ್ಲಕ ಬಿಡು. ಕೆಂಡ ಹೊತ್ತಸೂ ಜೋರು ಬ್ಯಾಡ. ತುಟಿ ಸಣ್ಣದು ಮಾಡಿದ್ರ ಒಳಗ ಒತ್ತಡ ಉಳದು ಸಣ್ಣ ಕೊಳವಿ ಮುಚ್ಚೂದಿಲ್ಲ. ನಾ ಕೆಲಸ ಮಾಡೂ ದವಾಖಾನಿ ವಾರ್ಡಿನ್ಯಾಗ ಒಬ್ಬ ಮುದುಕ ಅದಾನ, ಹಾಸಿಗಿಯಿಂದ ಬಾತ್‌ರೂಮಿಗೆ ಹೊಂಟ್ರ ನಡುವ ಗ್ವಾಡಿಗೆ ಕೈ ಕೊಟ್ಟು ನಿಂತು ಹಿಂಗ ಬಿಡತಾನ. ಯಾರು ಕಲಿಸಿದ್ರು ಅಂತ ಕೇಳಿದೆ. ಯಾರೂ ಇಲ್ಲಂತ, ಮೈ ತಾನ ಕಂಡು ಹಿಡದೈತಿ.

ಇನ್ನ ದಮ್ಮು ಹತ್ತಿದಾಗ ಎಳಿಯೂ ಪಂಪ್ (ಇನ್ಹೇಲರ್). "ಚಟ ಆಗತೈತಿ" ಅಂತ ಕಪಾಟಿನ್ಯಾಗ ಇಟ್ಟೀಯಂತ. ಚಟ ಆಗೂದಿಲ್ಲ. ಅಂಗಡಿಯಿಂದ ತರಸೂ ಗುಳಗ್ಯಾಗ ಅದೇ ಔಷಧ 4 ಮಿಲಿಗ್ರಾಂ ಐತಿ, ಪಂಪ್ ಒಮ್ಮೆ ಒತ್ತಿದ್ರ 100 ಮೈಕ್ರೋಗ್ರಾಂ, ಅಂದ್ರ ನಲವತ್ತರಾಗ ಒಂದು ಪಾಲು. ಗುಳಿಗಿ ಹೊಟ್ಟಿಗೆ ಹೋಗಿ ಇಡೀ ಮೈಯಾಗ ತಿರಗತೈತಿ, ಅದಕ್ಕ ನಿನ್ನ ಕೈ ನಡಗಿ ಎದಿ ಡವಡವ ಅಂತೈತಿ. ಪಂಪಿನ ಔಷಧ ಸೀದಾ ಕೊಳವಿಗೆ. ಅಲ್ಲಾಡಿಸು, ಉಸಿರು ಪೂರಾ ಬಿಡು, ಮೆಲ್ಲಕ ಎಳೀತಾ ಒತ್ತು, ಹತ್ತು ಎಣಿಸೂ ತನಕ ಹಿಡಿ. ಪಂಪಿಗೆ ಜೋಡಸೂ ಸ್ಪೇಸರ್ ಡಬ್ಬಿ ಕೊಟ್ಟಾರ, ಅದನ್ನ ಮೊಮ್ಮಗನ ಕೈಯಾಗ ಆಟಕ್ಕ ಕೊಡಬ್ಯಾಡ. ದಿನಾ ತಗೊಳ್ಳೂ ಇನ್ನೊಂದು ಪಂಪಿನ್ಯಾಗ ಸ್ಟಿರಾಯ್ಡ್ ಐತಿ, ತಗೊಂಡ ಮ್ಯಾಲ ಬಾಯಿ ಮುಕ್ಕಳಿಸು, ಇಲ್ಲಂದ್ರ ನಾಲಗಿ ಮ್ಯಾಲ ಬೂಷ್ಟ ಬರತೈತಿ.

ತಮ್ಮಾ, ಆಕ್ಸಿಜನ್ ಸಿಲಿಂಡರ್ ತರತೀನಿ ಅಂದಿ. ಆಕ್ಸಿಜನ್ ನೋಡೂ ಮಷೀನ್ ಬೆರಳಿಗೆ ಹಾಕಿದ್ರ ನೂರಕ್ಕ 95 ತೋರಸತೈತಿ, ಯಾಕ ಬೇಕು? ದಮ್ಮು ಹತ್ತಿದ್ದೆಲ್ಲ ಆಕ್ಸಿಜನ್ ಕಡಿಮಿ ಆಗಿದ್ದಲ್ಲ. ಈ ಬ್ಯಾನಿ ಇದ್ದ ಕೆಲವರಿಗೆ ಆಕ್ಸಿಜನ್ ಹೆಚ್ಚಾದ್ರ ರಕ್ತದಾಗ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಬರತೈತಿ, ಅಂಥವರಿಗೆ ಇಲ್ಲಿ 88ರಿಂದ 92ರೊಳಗ ಇಡತೀವಿ. ಡಾಕ್ಟರ್ ಬರದು ಕೊಡದ ತರಬ್ಯಾಡ. ತುಟಿ ನೀಲಿ ಆದ್ರ, ಮಾತು ತೊದಲಿದ್ರ ಮಾತ್ರ ತಡಾ ಮಾಡದ ದವಾಖಾನಿಗೆ ಕರಕೊಂಡು ಹೋಗು.

"ಬೀಡಿ ಸೇದೂ ನಾನ ಆರಾಮ ಅದೀನಿ, ವೈನಿಗೆ ಹೆಂಗ ಬಂತು?" ಅಂತ ಕಾಕಾ ಕೇಳಿದ್ನಂತ. ಹತ್ತಿ ಕಟಗಿ, ಕುಳ್ಳಿನ ಹೊಗಿ ಮುಂದ ಆಕಿ ಎಷ್ಟು ವರ್ಷ ಕೂತಾಳ ಅಂತ ಅವಂಗ ಹೇಳ್ರಿ. ಅವನೂ ಒಮ್ಮೆ ಹೋಗಿ ಊದಿ ಬರಲಿ, ಆಮ್ಯಾಲ ಆರಾಮ ಅನ್ನಲಿ. ಗ್ಯಾಸಿನ ರೊಟ್ಟಿಗೆ ರುಚಿ ಇಲ್ಲ ಅಂತಿ, ಖರೇ, ನನಗೂ ಗೊತ್ತೈತಿ. ಆದ್ರೂ ಗ್ಯಾಸಿನ ಮ್ಯಾಲನ ಮಾಡು. ನೀರೊಲಿ ಬೇಕಾದ್ರ ಹಿತ್ತಲದಾಗ ಇಡ್ರಿ, ಆದ್ರ ಉರಿ ಹಚ್ಚೂದು ಬ್ಯಾರೆಯವರ ಕೆಲಸ.

ಮುಂದಿನ ಸಲ ಬಾಗಲಕೋಟಿಗೆ ಹೋದಾಗ ಎರಡೂ ಪಂಪ್ ತಗೊಂಡ ಹೋಗಿ ಡಾಕ್ಟರ್ ಮುಂದ ತಗೊಂಡು ತೋರಸು. ಸಣ್ಣ ವೈನಿಗೆ ಹೇಳು, ಗುಳೇದಗುಡ್ಡದ ಖಣ ನಾಕು ಕಳಸ್ಲಿ, ಇಲ್ಲಿ ಗೆಳತ್ಯಾರು ಬೆನ್ನು ಹತ್ಯಾರ. ರೊಕ್ಕ ನಾ ಹಾಕತೀನಿ.

ನಿನ್ನ ಮಗಳು